ಭಾನುವಾರ ಹರಿತಾ ಓಡ್ತಾಳೆ!

ಆಡಿದ ಮಾತಿಗೆ ತಪ್ಪದವನು ಎಂದರೆ ಇಡೀ ಹಿಂದೂಪುರದಲ್ಲಿ ನಾನೊಬ್ಬನೇ! ಅನುಮಾನವಿದ್ದರೆ ನಮ್ಮ ಬೀದಿಯಲ್ಲಿ ಯಾರನ್ನಾದರೂ ಕೇಳಿ. ನನ್ನ ಹೆಂಡತಿ ಸ್ನೇಹಲತಾಳನ್ನು ಮಾತ್ರ ಕೇಳಬೇಡಿ. ಕೊರೊನಾ ಬಂದ ವರ್ಷದ ಕೊನೆಯಲ್ಲಿ ದೇವರ ಗೂಡಿನ ಮುಂದೆ ನಿಂತು, ಕರ್ಪೂರ ಹಚ್ಚಿ, ಎದೆಯುಬ್ಬಿಸಿ ನಾನೊಂದು ಘೋರ ಪ್ರತಿಜ್ಞೆ ಮಾಡಿದೆ. ಹೆಂಡತಿಯ ತಂಗಿ ಹರಿತಾಳ ಸಂಬಂಧ ಕುದುರುವವರೆಗೆ ನನ್ನ ಬಾಯಿಂದ ಕುದುರೆ ಎಂಬ ಮಾತು ಹೊರಡುವುದಿಲ್ಲ! ಆ ಪ್ರತಿಜ್ಞೆಯನ್ನು ಅಕ್ಷರಶಃ ಉಳಿಸಿಕೊಂಡೆ. ಎಡವಟ್ಟು ಆಗಿದ್ದೇ ಅದರಿಂದ.

ನಾನು ಜಯಚಂದ್ರ, ರೇಷ್ಮೆ ಸೀರೆ ವ್ಯಾಪಾರದವನು. ನಮ್ಮ ತಾತ ಮಗ್ಗದ ಗುಂಡಿಯಲ್ಲಿ ಕಾಲಿಟ್ಟುಕೊಂಡು ಜೀವನ ಮಾಡಿದವರು. ನಾನು ಬೆಂಗಳೂರಿನ ರೈಲಿನಲ್ಲಿ ಕಾಲು ಚಾಚಿಕೊಂಡು ಜೀವನ ಮಾಡಿದವನು. ಸೀರೆ ಗಂಟು ಹೊತ್ತುಕೊಂಡು ಹೋಗುವುದು, ಅಂಗಡಿಗಳಲ್ಲಿ ಬಿಚ್ಚಿ ತೋರಿಸುವುದು, ವಾಪಸ್ ಬರುವುದು. ಆದರೆ ಹೋಗುತ್ತಿದ್ದದ್ದು ಮಾತ್ರ ಭಾನುವಾರ. "ಬೆಂಗಳೂರಿನ ಅಂಗಡಿಯವ್ರಿಗೆ ಭಾನುವಾರಾನೇ ಪುರುಸೊತ್ತು ಕಣೇ" ಎಂದು ಹೆಂಡತಿಗೆ ಹೇಳಿದ್ದೆ. ಪಾಪ, ಆಕೆ ನಂಬಿದ್ದಳು. ಭಾನುವಾರ ಪುರುಸೊತ್ತು ಅಂಗಡಿಯವರಿಗಲ್ಲ, ರೇಸ್ ಕೋರ್ಸಿಗೆ!

ರೇಸ್ ಎಂದ ಕೂಡಲೇ ಮೂಗು ಮುರಿಯಬೇಡಿ. ನಾನು ಪೈಸೆ ಕಟ್ಟುವವನಲ್ಲ. ನನಗೆ ಬೇಕಾದ್ದು ಓಟ! ಗೇಟು ತೆರೆದು ಕುದುರೆಗಳು ಒಟ್ಟಿಗೆ ನುಗ್ಗುವ ಆ ಒಂದು ಕ್ಷಣಕ್ಕೆ ನನ್ನ ಎದೆ ಬಾಯಿಗೆ ಬರುತ್ತದೆ. ಈ ಹುಚ್ಚಿಗೆ ನನಗೊಬ್ಬ ಜೊತೆಗಾರ ಬೇರೆ. ಕಲ್ಯಾಣದುರ್ಗದಲ್ಲಿ ಕಡಲೆಕಾಯಿ ಮಂಡಿ ಇಟ್ಟಿರುವ ಲಕ್ಷ್ಮೀಕಾಂತ್. ನಮ್ಮಿಬ್ಬರದು ಬರೀ ಬಾಯಿ ಪಂದ್ಯ. ಯಾವ ಕುದುರೆ ಗೆಲ್ಲುತ್ತದೆಂದು ಒಬ್ಬೊಬ್ಬರು ಒಂದೊಂದು ಟಿಪ್ಪು ಹೇಳಬೇಕು. ಸೋತವನು ಗೆದ್ದವನಿಗೆ ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿ ಎಲ್ಲರೆದುರು "ಗುರುವೇ!" ಎಂದು ಕೈಮುಗಿಯಬೇಕು. ಕೈಮುಗಿಯುವುದು ಹೆಚ್ಚಾಗಿ ನನ್ನ ಪಾಲಿಗೇ ಬರುತ್ತಿತ್ತು. ನನ್ನ ಲೆಕ್ಕಾಚಾರ ತಪ್ಪು ಅಂತಲ್ಲ, ಕುದುರೆಗಳಿಗೆ ಅದು ಅರ್ಥವಾಗುತ್ತಿರಲಿಲ್ಲ ಅಷ್ಟೇ.

ಆಗ ಬಂತು ಮಹಾಮಾರಿ! ರೈಲು ನಿಂತಿತು. ಬಸ್ಸು ನಿಂತಿತು. ಮದುವೆಮನೆಯ ವಾಲಗ ನಿಂತಿತು. ಅದೆಲ್ಲ ಸರಿ, ಕುದುರೆಗಳೂ ನಿಂತುಬಿಟ್ಟವಲ್ಲ! ಮನುಷ್ಯರಿಗೆ ಬಂದ ರೋಗಕ್ಕೆ ಕುದುರೆಗಳನ್ನು ಲಾಯದಲ್ಲಿ ಕೂಡಿಹಾಕುವುದು ಯಾವ ನ್ಯಾಯ? ಅಂತರ ಕಾಪಾಡುವುದನ್ನು ಅವುಗಳಿಗೆ ಯಾರೂ ಕಲಿಸಬೇಕಿರಲಿಲ್ಲ. ಅದರಲ್ಲೂ ನಾನು ಹೇಳಿದ ಕುದುರೆ ಉಳಿದ ಕುದುರೆಗಳಿಂದ ಯಾವಾಗಲೂ ಫರ್ಲಾಂಗಿನಷ್ಟು ಅಂತರ ಕಾಯ್ದುಕೊಂಡೇ ಓಡುತ್ತಿತ್ತು.

ಭಾನುವಾರ ಬಂದರೆ ನನಗೆ ಕೈಕಾಲು ಆಡದು. ಬಾಯಿ ಮಾತ್ರ ಸುಮ್ಮನಿರದು. ಒಂದು ದಿನ ಅಡುಗೆಮನೆಯಲ್ಲಿ ನಿಂತಿದ್ದೆ. ಒಂದು ಒಲೆಯ ಮೇಲೆ ಸಾರು, ಇನ್ನೊಂದರ ಮೇಲೆ ಹಾಲು. ನೋಡನೋಡುತ್ತಾ ನನಗೆ ಆವೇಶ ಬಂತು.

"ಒಳಗಡೆಯಿಂದ ಸಾರು! ಸಾರು ಮುಂದೆ! ಹೊರಗಡೆಯಿಂದ ಹಾಲು ನುಗ್ತಾ ಇದೆ! ಸಾರು, ಹಾಲು, ಹಾಲು, ಸಾರು... ಹಾಲು! ಹಾಲು! ಹಾಲೇ!"

ಗೆದ್ದ ಹಾಲು ಉಕ್ಕಿ ಕಟ್ಟೆಯಿಂದ ನೆಲಕ್ಕೆ ಇಳಿಯಿತು. ಬಾಗಿಲಲ್ಲಿ ಸ್ನೇಹಲತಾ!

"ರೀ, ಒಲೆ ಆರಿಸೋಕೆ ಏನು ರೋಗ ನಿಮ್ಗೆ? ಅದಿರ್ಲಿ, ಈ ಕಾಮೆಂಟರಿ ಎಲ್ಲಿ ಕಲಿತ್ರಿ? ಸೀರೆ ಅಂಗಡೀಲಾ?"

ಅಂದಿಗೆ ನನ್ನ ಭಾನುವಾರಗಳ ಬಣ್ಣ ಬಯಲಾಯಿತು.

ಇನ್ನು ಹರಿತಾಳ ವಿಷಯ. ಅಪ್ಪ ಅಮ್ಮ ಇಲ್ಲದ ಹುಡುಗಿ. ನಮ್ಮ ಮದುವೆಯಾದಾಗ ಅಕ್ಕನ ಸೆರಗು ಹಿಡಿದುಕೊಂಡೇ ನಮ್ಮ ಮನೆಗೆ ಬಂದವಳು. ಇಲ್ಲೇ ಬೆಳೆದಳು, ಓದಿದಳು, ಒಂದು ಶಾಲೆಯಲ್ಲಿ ಟೀಚರಾದಳು. ನಮಗೆ ಮಕ್ಕಳಿಲ್ಲ, ಮಗಳೆಂದರೆ ಅವಳೇ. ಅವಳೊಂದು ಒಳ್ಳೆಯ ಮನೆ ಸೇರಬೇಕೆಂಬುದು ಬಿಟ್ಟರೆ ನಮ್ಮಿಬ್ಬರಿಗೂ ಬೇರೆ ಯೋಚನೆಯೇ ಇರಲಿಲ್ಲ. ಲಾಕ್‌ಡೌನ್ ಸಡಿಲವಾದ ಮೇಲೆ ಲಕ್ಷ್ಮೀಕಾಂತನೇ ಒಂದು ಸಂಬಂಧ ತಂದ. ಕಲ್ಯಾಣದುರ್ಗದಲ್ಲಿ ಜವಳಿ ಅಂಗಡಿ ಇರುವ ವೆಂಕಟೇಶಪ್ಪನವರ ಮಗ ಯೋಗೇಶ್. ಹೆಣ್ಣು ನೋಡುವ ಶಾಸ್ತ್ರ ವಿಡಿಯೋ ಕಾಲಿನಲ್ಲೇ ಮುಗಿಯಿತು. ಹುಡುಗ ಒಪ್ಪಿದ, ಹುಡುಗಿ ಒಪ್ಪಿದಳು, ವೆಂಕಟೇಶಪ್ಪನವರೂ ತಲೆಯಾಡಿಸಿದರು. ಉಳಿದದ್ದು ಹುಡುಗನ ತಾಯಿ. ಆಕೆಯ ಒಂದು ಮಾತಿಗೆ ಕಾಯುತ್ತಾ ಸ್ನೇಹಲತಾ ಊಟ ಸಹ ಸರಿಯಾಗಿ ಮಾಡುತ್ತಿರಲಿಲ್ಲ.

"ಆಯಮ್ಮನಿಗೆ ಜೂಜು, ಪಂದ್ಯ ಅಂದ್ರೆ ಮೈಯೆಲ್ಲಾ ಉರೀತದಂತೆ. ನಿಮ್ ಹುಚ್ಚು ಗೊತ್ತಾದ್ರೆ ನನ್ ತಂಗಿ ಬಾಳು ಅಲ್ಲಿಗೇ ಮುಗೀತು. ಸಂಬಂಧ ಕುದುರೋವರ್ಗೂ ಈ ಮನೇಲಿ ಕುದುರೆ ಹೆಸ್ರು ಎತ್ತಕೂಡ್ದು! ಹಚ್ಚಿ ಕರ್ಪೂರ!" ಎಂದಳು ಸ್ನೇಹಲತಾ.

ಹಚ್ಚಿದೆ. ಪ್ರತಿಜ್ಞೆ ಮಾಡಿದೆ. ಅದೇ ವಾರ ರೇಸ್ ಮತ್ತೆ ಶುರುವಾಗಬೇಕೇ! ಜನರಿಗೆ ಪ್ರವೇಶವಿಲ್ಲ, ಮೊಬೈಲಿನಲ್ಲಿ ನೋಡಬಹುದು. ಇತ್ತ ಕರ್ಪೂರ, ಅತ್ತ ಲಗಾಮು. ನಡುವೆ ನಾನು! ಕೊನೆಗೆ ಲಕ್ಷ್ಮೀಕಾಂತನೂ ನಾನೂ ಸೇರಿ ಒಂದು ಗುಪ್ತ ಭಾಷೆ ಕಟ್ಟಿದೆವು. ಕುದುರೆಗಳ ಇಂಗ್ಲಿಷ್ ಹೆಸರುಗಳನ್ನೆಲ್ಲ ನಮ್ಮ ಕಡೆಯ ಹೆಂಗಸರ ಹೆಸರುಗಳಿಗೆ ತಿರುಗಿಸುವುದು. ‘ಗ್ರೀನ್ ವೆಲ್ವೆಟ್’ ಎಂದರೆ ಹಸಿರು, ಹಸಿರೆಂದರೆ ಹರಿತಾ. ‘ಫಾರೆಸ್ಟ್ ಕ್ವೀನ್’ ಎಂದರೆ ಬನದ ರಾಣಿ, ಅಂದಮೇಲೆ ಬನಶಂಕರಮ್ಮ! ಕುದುರೆಯ ಮೇಲೆ ಕೂರುವ ಜಾಕಿಗೆ ‘ಹುಡುಗ’ ಎನ್ನುವುದು.

ಹರಿತಾ ಮನೆಯ ಹುಡುಗಿಯ ಹೆಸರಲ್ಲವೇ ಎನ್ನುತ್ತೀರಿ. ಹೌದು. ಹುಡುಗನ ತಾಯಿಯ ಹೆಸರು ಗೊತ್ತೇ? ಬನಶಂಕರಮ್ಮ! ಅದರಲ್ಲೇ ಇತ್ತು ನನ್ನ ಘನ ಬುದ್ಧಿ. ಈ ಹೆಸರುಗಳು ಕಿವಿಗೆ ಬಿದ್ದರೆ ಸ್ನೇಹಲತಾ ಮದುವೆ ಮಾತು ನಡೆಯುತ್ತಿದೆ ಎಂದುಕೊಳ್ಳುತ್ತಾಳೆ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಗುರುವಾರ ಬೆಳಿಗ್ಗೆ ಲಕ್ಷ್ಮೀಕಾಂತನ ಫೋನ್ ಬಂತು. ಆ ಕಡೆ ಏನು ನಡೆದಿತ್ತೆಂದು ನನಗೆ ಆಮೇಲೆ ತಿಳಿದದ್ದು, ನಿಮಗೆ ಈಗಲೇ ಹೇಳಿಬಿಡುತ್ತೇನೆ. ಅವನು ಕೂತಿದ್ದದ್ದು ವೆಂಕಟೇಶಪ್ಪನವರ ಮನೆಯ ಅಂಗಳದಲ್ಲಿ. ಬನಶಂಕರಮ್ಮನವರು ಒಪ್ಪಿದ್ದರು! ಆ ಸುದ್ದಿ ಹೇಳಲೆಂದೇ ಫೋನ್ ಮಾಡಿದ್ದ. ಕೊರೊನಾ ಕಾಲವಲ್ಲವೇ, ಮನೆಯವರೆಲ್ಲ ಮಾಸ್ಕ್ ಹಾಕಿಕೊಂಡು ಒಬ್ಬರಿಗೊಬ್ಬರು ದೂರ ದೂರ ಕೂತಿದ್ದರು. ಎಲ್ಲರಿಗೂ ಕೇಳಲೆಂದು ನಡುವೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಫೋನು, ಫೋನಿನಲ್ಲಿ ಲೌಡ್‌ಸ್ಪೀಕರು!

ಅವನು "ಹಲೋ" ಎನ್ನುವುದಕ್ಕೂ ನಾನು ಬಿಡಲಿಲ್ಲ.

"ಲೇ ಲಕ್ಷ್ಮೀಕಾಂತ, ಮಾತಾಡ್ಬ್ಯಾಡ, ಮೊದ್ಲು ನಾನು ಹೇಳೋದು ಕೇಳ್ಲಾ! ಭಾನುವಾರ ಹರಿತಾ ಓಡ್ತಾಳೆ!"

"ಜಯಣ್ಣಾ, ಒಂದ್ನಿಮಿಷ..."

"ನಿಮಿಷಾನೂ ಇಲ್ಲ, ಗಿಮಿಷಾನೂ ಇಲ್ಲ! ನೂರಕ್ಕೆ ನೂರು ಓಡ್ತಾಳೆ ಕಣ್ಲಾ! ಯಾರ ಕೈಗೂ ಸಿಗಾಕಿಲ್ಲ. ಹೋದ ವರ್ಷ ಓಡ್ದಾಗ ಜೊತೆಗಿದ್ದ ಹುಡ್ಗ ಸರಿಯಿರ್ಲಿಲ್ಲ, ಅರ್ಧ ದಾರೀಲಿ ಕೆಡವ್ಬುಟ್ಟು ಒಬ್ಳೇ ಹೋಗ್ಬುಟ್ಳು. ಈ ಸಲ ಹೊಸ ಹುಡ್ಗ. ಹೆಸ್ರು ಇನ್ನೂ ಬಂದಿಲ್ಲ."

ಲಕ್ಷ್ಮೀಕಾಂತ್ ಜೋರಾಗಿ ಕೆಮ್ಮಿದ. ಅದು ನನಗೆ ಸನ್ನೆ ಎಂದು ಹೊಳೆಯಲೇ ಇಲ್ಲ.

"ಏನ್ಲಾ ಕೆಮ್ತೀಯ? ಇನ್ನೂ ಬನಶಂಕರಮ್ಮನ ಮ್ಯಾಲೇ ಆಸೆ ಮಡೀಕಂಡಿದೀಯಾ? ಬಿಟ್ಬುಡು! ಮುದುಕಿ ಆಗವ್ಳೆ. ಎಡಗಾಲು ಸೊಟ್ಟ. ಹತ್ರಕ್ಕೆ ಹೋದೋರ್ನೆಲ್ಲಾ ಒದೀತಾಳೆ. ಅವ್ಳನ್ನ ಸಾಕ್ತಾ ಇರೋರು ತಿನ್ನಾಕೆ ಹಾಕಿ ಹಾಕಿ ಸೋತೋಗವ್ರೆ!"

ಈಗ ಲಕ್ಷ್ಮೀಕಾಂತ್ ಎದೆ ಕಿತ್ತುಬರುವಂತೆ ಕೆಮ್ಮತೊಡಗಿದ. ಆ ಕಡೆ "ಅಯ್ಯೋ ಕೊರೊನಾ! ಬೀದಿ ವಾಲಂಟೀರ್‌ನ ಕರೀರಿ, ಆಸ್ಪತ್ರೆಗೆ ಹೇಳ್ಲಿ!" ಎಂಬ ಕೂಗು, ಕುರ್ಚಿಗಳು ಉರುಳುವ ಸದ್ದು, ದಡದಡ ಓಡುವ ಹೆಜ್ಜೆಗಳು. ನನಗೆ ಏನೊಂದೂ ತಿಳಿಯಲಿಲ್ಲ. ಆಮೇಲೆ ಫೋನಿನ ಹತ್ತಿರ ಒಂದು ಹೆಣ್ಣು ದನಿ ಬಂತು.

"ನಾನು ಬನಶಂಕರಮ್ಮ ಕಣಪ್ಪ ಮಾತಾಡ್ತಿರೋದು. ಎಡಗಾಲು ಸೊಟ್ಟ ಇರೋಳು."

ಫೋನ್ ಕಟ್!

ಹಾಗೇ ಕುಸಿದು ಕೂತೆ. ಸ್ನೇಹಲತಾ ಓಡಿಬಂದು "ಏನಂದ್ರು? ಒಪ್ಪಿದ್ರಾ?" ಎಂದಳು. ಆ ಒಂದು ಮಾತು ಬಿಟ್ಟು ಎಲ್ಲವನ್ನೂ ಹೇಳಿದೆ. ಆಕೆ ಕೂಗಾಡಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು ತಂಗಿಯ ಮುಖ ನೋಡಿದಳು. ಆಗ ನನಗೆ ನಿಜವಾಗಿಯೂ ಭಯವಾಯಿತು. ನನ್ನ ಬಾಯಿಚಪಲಕ್ಕೆ ಈ ಹುಡುಗಿಯ ಹೆಸರು ಎರಡು ಊರಿನಲ್ಲಿ ಕೆಡುತ್ತದಲ್ಲ!

"ಭಾವ, ನಿಮ್ ಬಾಯಿಗೆ ಎರಡು ಮಾಸ್ಕ್ ಸಾಲಲ್ಲ, ಕಂಬಳೀನೇ ಕಟ್ಬೇಕು" ಎಂದಳು ಹರಿತಾ. ಆಮೇಲೆ ತನ್ನ ಫೋನ್ ಹಿಡಿದುಕೊಂಡು ಮಹಡಿ ಹತ್ತಿಹೋದಳು. ಮೇಲೆ ಕೂತು ಅಳುತ್ತಿದ್ದಾಳೆಂದು ನಾವಿಬ್ಬರೂ ಕೆಳಗೆ ಕೂತು ಅತ್ತೆವು.

ಕಲ್ಯಾಣದುರ್ಗಕ್ಕೆ ಫೋನ್ ಮೇಲೆ ಫೋನ್ ಮಾಡಿದೆ. ಯಾರೂ ಎತ್ತಲಿಲ್ಲ. ಲಕ್ಷ್ಮೀಕಾಂತನನ್ನು ಆಂಬುಲೆನ್ಸಿನಲ್ಲಿ ಎತ್ತಿಕೊಂಡು ಹೋಗಿದ್ದರು. ಸಂಜೆ ಆಸ್ಪತ್ರೆಯಿಂದಲೇ ಅವನ ಫೋನ್ ಬಂತು.

"ನಿನ್ನಿಂದ ನನ್ ಮೂಗಿಗೆ ಕಡ್ಡಿ ಹಾಕ್ಬುಟ್ರು ಕಣ್ಲಾ! ರಿಪೋರ್ಟ್ ಬರೋಗಂಟ ಬಿಡಾಕಿಲ್ವಂತೆ. ಆಯಮ್ಮ ಬೆಳುಗುಪ್ಪದಾಗೆ ಬೇರೆ ಹುಡ್ಗಿ ನೋಡ್ತೀವಿ ಅಂತಾವ್ರೆ. ವೆಂಕಟೇಶಪ್ಪ ಅಂತೂ ನನ್ನ ಮಖಾನೇ ನೋಡಾಕಿಲ್ಲ. ನಾನು ಅವ್ರ ಹೆಂಡ್ತಿ ಮ್ಯಾಲೆ ಆಸೆ ಮಡೀಕಂಡಿದೀನಂತೆ! ನೀನೇ ಬಂದು ಹೇಳ್ಬೇಕು."

ಶನಿವಾರದ ಹೊತ್ತಿಗೆ ನಮ್ಮ ಬೀದಿಗೂ ಸುದ್ದಿ ಮುಟ್ಟಿತ್ತು. ಎದುರುಮನೆಯ ಗಂಗುಲಮ್ಮ ಗೇಟಿನಾಚೆ ನಿಂತು "ಹರಿತಾ ಮನೇಲೇ ಇದಾಳೇನಮ್ಮ?" ಎಂದು ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ವಿಚಾರಿಸಿದಳು. ಇನ್ನು ತಡೆಯಲಾಗಲಿಲ್ಲ. ಭಾನುವಾರ ನಾವೇ ಹೋಗಿ ಕಾಲಿಗೆ ಬಿದ್ದಾದರೂ ಒಪ್ಪಿಸುವುದೆಂದು ನಿಶ್ಚಯಿಸಿದೆವು. ನಮ್ಮನ್ನು ಕಳಿಸಲು ಹರಿತಾ ಬಾಗಿಲಿಗೆ ಬಂದಳು.

"ಹೋಗ್ಬನ್ನಿ ಭಾವ. ಆತುರ ಬೇಡ. ನಿಧಾನಕ್ಕೆ ಮಾತಾಡಿ, ಊಟ ಮಾಡ್ಕೊಂಡೇ ಬನ್ನಿ."

ಎಂಥ ತಾಳ್ಮೆಯ ಹುಡುಗಿ! ಇಂಥವಳ ಬಾಳಿಗೆ ಮಣ್ಣು ಹಾಕಿದೆನಲ್ಲ ಎಂದು ನನ್ನನ್ನು ನಾನೇ ಶಪಿಸಿಕೊಳ್ಳುತ್ತಾ ಸ್ಕೂಟರ್ ಹತ್ತಿದೆ. ಎರಡೂ ಊರು ಆಂಧ್ರದವಾದರೂ ನಡುವೆ ಕರ್ನಾಟಕದ ಪಾವಗಡ ದಾಟಿ ಹೋದೆವು. ಗಡಿಯಲ್ಲಿ ಪೊಲೀಸಪ್ಪ ಕೈ ಅಡ್ಡ ಹಿಡಿದು "ಎಲ್ಲಿಗೆ? ಮದ್ವೆಗಾ? ಎಷ್ಟು ಜನ ಸೇರ್ತೀರಿ?" ಎಂದ. "ಮದ್ವೆ ಇದ್ರೆ ತಾನೇ ಸಾರ್ ಜನ" ಎಂದಳು ಹಿಂದೆ ಕೂತಿದ್ದ ಸ್ನೇಹಲತಾ. ಅವನು ಆಕೆಯ ಮುಖ ನೋಡಿ ತೆಪ್ಪಗೆ ದಾರಿ ಬಿಟ್ಟ.

ಅಂಗಳದಲ್ಲಿ ಅದೇ ಸ್ಟೂಲು! ವೆಂಕಟೇಶಪ್ಪನವರು ಜಗಲಿಯಲ್ಲಿ ಕೂತಿದ್ದರು. ಯೋಗೇಶ್ ಇರಲಿಲ್ಲ, ಅಂಗಡಿಗೆ ಮಾಲು ತರಲು ಬೆಳಿಗ್ಗೆಯೇ ಹೋದನಂತೆ. ಯೋಗೇಶನ ತಂಗಿ, ಕಾಲೇಜು ಓದುವ ಚಿಕ್ಕ ಮಗಳು, ಬಂದು ಸ್ಟೂಲಿನ ಮೇಲೆ ನೀರಿಟ್ಟು ದೂರ ಸರಿದಳು. ಒಳಗಿಂದ ಬನಶಂಕರಮ್ಮನವರು ಬಂದರು. ದೇವರೇ! ಆಕೆಯ ಎಡಗಾಲು ನಿಜವಾಗಿಯೂ ಸ್ವಲ್ಪ ಎಳೆಯುತ್ತಿತ್ತು.

"ಹತ್ರ ಬರ್ಬ್ಯಾಡ ಕಣಪ್ಪ. ಒದ್ದುಬುಟ್ಟೇನು" ಎಂದರು.

"ಅಮ್ಮಾ, ಅದು ನಿಮ್ಮನ್ನ ಹೇಳಿದ್ದಲ್ಲ. ಅದು... ಅದು..."

ಮಾತು ಅಲ್ಲಿಗೇ ನಿಂತಿತು. ಹೇಳಬೇಕಾದದ್ದು ಒಂದೇ ಮಾತು, ಕುದುರೆ! ಆದರೆ ಕರ್ಪೂರ ಹಚ್ಚಿ ಆಣೆ ಮಾಡಿದ್ದೇನೆ. ಸಂಬಂಧ ಕುದುರದೆ ಕುದುರೆ ಎನ್ನುವಂತಿಲ್ಲ. ಕುದುರೆ ಎನ್ನದೆ ಸಂಬಂಧ ಕುದುರುವಂತಿಲ್ಲ! ಇರುವುದೇ ಕೆಟ್ಟಿರುವಾಗ ದೇವರ ಮುನಿಸೂ ಸೇರಿದರೆ ಹರಿತಾಳ ಗತಿಯೇನು? ಬೇರೆ ದಾರಿ ಕಾಣದೆ ನಾಲಿಗೆಯಿಂದ ಟಕಟಕ ಟಕಟಕ ಎಂದು ಗೊರಸಿನ ಸದ್ದು ಮಾಡಿದೆ. ಕತ್ತು ಕೊಡವಿ ಒಮ್ಮೆ ಕೆನೆದೂ ಕೆನೆದೆ!

ಚಿಕ್ಕ ಮಗಳು ಹೆದರಿ ಒಳಗೆ ಓಡಿದಳು.

"ಏನಮ್ಮಾ, ನಿನ್ ಗಂಡನಿಗೆ ತಲೆ ಗಿಲೆ ಕೆಟ್ಟದಾ?" ಎಂದರು ಬನಶಂಕರಮ್ಮ.

"ಹೇಳ್ರೀ, ಬಾಯ್ಬಿಟ್ಟು ಹೇಳ್ರೀ!" ಎಂದು ಸ್ನೇಹಲತಾ ನನ್ನ ತೋಳು ಜಗ್ಗಿದಳು.

"ನೀನೇ ತಾನೇ ಕರ್ಪೂರ ಹಚ್ಸಿದ್ದು!"

ಸಿಟ್ಟು ಬಂದರೆ ವೆಂಕಟೇಶಪ್ಪನವರ ಬಾಯಿಂದ ತೆಲುಗೇ ಹೊರಡುವುದು. ಎದ್ದು ನಿಂತು ಗುಡುಗಿದರು: "ಏಮಯ್ಯಾ, ಗುರ್ರಮಾ ನುವ್ವು?"

ನೀನೇನು ಕುದುರೆಯಾ ಎಂದು! ನನ್ನ ಕಣ್ಣಿಗೆ ಬೆಳಕು ಬಂತು. ಪ್ರತಿಜ್ಞೆ ಮಾಡಿದ್ದು ಕನ್ನಡದಲ್ಲಿ, ತೆಲುಗಿಗೆ ಅದು ಅನ್ವಯಿಸುವುದಿಲ್ಲ!

"ಗುರ್ರಂ! ಗುರ್ರಂ ಯಜಮಾನ್ರೇ! ಹರಿತಾನೂ ಗುರ್ರಂ, ಬನಶಂಕರಮ್ಮನೂ ಗುರ್ರಂ! ಹುಡ್ಗ ಅಂದ್ರೆ ಮ್ಯಾಲೆ ಕೂತ್ಕೊಳ್ಳೋನು!"

"ಗುರ್ರಾನಿಕಿ ನಾ ಪೆಳ್ಳಾಂ ಪೇರಾ?" ಕುದುರೆಗೆ ನನ್ನ ಹೆಂಡತಿಯ ಹೆಸರಾ ಎಂದು ಅವರು ಮೂಲೆಯಲ್ಲಿದ್ದ ಕೋಲಿನ ಕಡೆ ನೋಡಿದರು. ಪರಿಸ್ಥಿತಿ ಮೊದಲಿಗಿಂತ ಕೆಟ್ಟಿತು.

ಆಗ ಸ್ನೇಹಲತಾ ನನ್ನ ಜೇಬಿಗೆ ಕೈಹಾಕಿ ಮೊಬೈಲ್ ತೆಗೆದಳು. "ಅಮ್ಮಾ, ಇವ್ರು ಪೈಸೆ ಕಟ್ಟೋರಲ್ಲ, ಬರೀ ನೋಡೋರು. ಇವತ್ತೇ ಭಾನುವಾರ. ಇವ್ರು ಹೇಳಿದ ಕುದುರೆ ಇದ್ರೆ ಇದ್ರಲ್ಲೇ ಓಡ್ಬೇಕು. ನಿಮ್ ಕಣ್ಣಾರೆ ನೋಡಿ. ಸುಳ್ಳಾದ್ರೆ ನಾವೇ ಎದ್ದು ಹೋಯ್ತೀವಿ." ರೇಸನ್ನು ಕಂಡರಾಗದ ನನ್ನ ಹೆಂಡತಿ ತಂಗಿಗೋಸ್ಕರ ಆ ಪುಟ್ಟ ಪರದೆಯನ್ನು ಸ್ಟೂಲಿನ ಮೇಲಿಟ್ಟಳು. ಎಲ್ಲರೂ ಅಂತರ ಗಿಂತರ ಮರೆತು ಬಗ್ಗಿ ನಿಂತೆವು. ನಾನು ಬೆರಳು ತೋರಿಸಿದೆ. "ಆ ಕಂದು ಬಣ್ಣದ್ದು ಗ್ರೀನ್ ವೆಲ್ವೆಟ್, ಅಂದ್ರೆ ಹರಿತಾ. ಆ ಕಪ್ಪು, ಮೈಕೈ ತುಂಬಿಕೊಂಡಿರೋದು ಫಾರೆಸ್ಟ್ ಕ್ವೀನ್, ಅಂದ್ರೆ ತಾವು."

ಗೇಟು ತೆರೆಯಿತು. ಎಲ್ಲವೂ ನುಗ್ಗಿದವು. ಹರಿತಾ ನುಗ್ಗಲಿಲ್ಲ! ನೂರಕ್ಕೆ ನೂರು ಎಂದು ನಾನು ಎದೆ ತಟ್ಟಿಕೊಂಡಿದ್ದ ಕುದುರೆ ಗೇಟಿನಲ್ಲೇ ಕಂಬದಂತೆ ನಿಂತಿತ್ತು. ಜಾಕಿ ತಟ್ಟಿದ, ಒದ್ದ, ಮುದ್ದು ಮಾಡಿದ. ಅದು ಒಂದು ಹೆಜ್ಜೆಯೂ ಇಡಲಿಲ್ಲ. ಇತ್ತ ಕೊನೆಯಲ್ಲಿದ್ದ ಕಪ್ಪು ಕುದುರೆ ಒಂದೊಂದನ್ನೇ ಹಿಂದೆ ಹಾಕುತ್ತಾ ಬಂತು. ಬನಶಂಕರಮ್ಮನವರು ಮಾಸ್ಕ್ ಕಿತ್ತು ಗದ್ದಕ್ಕೆ ಇಳಿಸಿದರು.

"ಓಡು! ಓಡವ್ವಾ! ಯಾವನು ನಿನ್ನ ಮುದುಕಿ ಅಂದೋನು? ಓಡೇ!"

ಬನಶಂಕರಮ್ಮನೇ ಫಸ್ಟು! ಆಕೆ ಎಡಗಾಲಿನ ಮೇಲೇ ಒಮ್ಮೆ ಕುಪ್ಪಳಿಸಿ, ನನ್ನ ಕಡೆ ಒಂದು ವಿಜಯದ ನೋಟ ಬೀರಿದರು. ನಾನು ಕೈಮುಗಿದು "ಗುರುವೇ!" ಎಂದೆ.

"ಹರಿತಾ ಓಡ್ನೇ ಇಲ್ವಲ್ಲಪ್ಪ" ಎಂದರು ಆಕೆ, ಉಸಿರು ತಿರುಗಿಸಿಕೊಂಡು. "ಕದ ತೆಗ್ದುಬಿಟ್ರೂ ಹೊಸ್ತಿಲು ದಾಟ್ನಿಲ್ಲ. ನಮ್ಗೆ ಇಂಥಾ ಹುಡ್ಗೀನೇ ಬೇಕು. ದೇವ್ರೇ ತೋರಿಸ್ಬುಟ್ಟ. ಸಂಬಂಧ ಒಪ್ಗೆ ಕಣಮ್ಮ!"

ಸ್ನೇಹಲತಾ ಅಲ್ಲೇ ಕಂಬಕ್ಕೆ ಒರಗಿ ಅತ್ತುಬಿಟ್ಟಳು. ನನ್ನ ಎದೆಯ ಮೇಲಿನ ಬಂಡೆ ಇಳಿಯಿತು. ಕುದುರಿತು! ಅಂಗಳದ ನಡುವೆ ನಿಂತು ಗಂಟಲು ಹರಿಯುವಂತೆ "ಕುದುರೆ! ಕುದುರೆ! ಕುದುರೆ!" ಎಂದು ಕೂಗಿಕೊಂಡೆ.

"ಯೋಗೇಶಂಗೆ ಫೋನ್ ಮಾಡ್ರಿ, ಎಲ್ಲಿದ್ರೂ ಬಂದ್ಬುಡ್ಲಿ" ಎಂದರು ಬನಶಂಕರಮ್ಮ. ವೆಂಕಟೇಶಪ್ಪನವರು ಫೋನ್ ಕೈಗೆತ್ತಿಕೊಳ್ಳುವಷ್ಟರಲ್ಲಿ ಅವನದೇ ವಿಡಿಯೋ ಕಾಲ್ ಬಂತು. ಲೇಪಾಕ್ಷಿ ಪಕ್ಕದ ಒಂದು ಪುಟ್ಟ ಗುಡಿ. ಹೂವಿನ ಹಾರ ಹಾಕಿಕೊಂಡು ಯೋಗೇಶ್. ಅವನ ಪಕ್ಕದಲ್ಲಿ ಕತ್ತಿನಲ್ಲಿ ಅರಿಶಿನದ ದಾರ ಕಟ್ಟಿಸಿಕೊಂಡು ನಮ್ಮ ಹರಿತಾ! ಹಿಂದೆ ನಿಂತು ಅಕ್ಷತೆ ಹಾಕುತ್ತಿದ್ದವನು ನೆಗೆಟಿವ್ ರಿಪೋರ್ಟ್ ಬಂದು ಬಿಡುಗಡೆಯಾಗಿದ್ದ ಲಕ್ಷ್ಮೀಕಾಂತ್.

"ಅಮ್ಮಾ, ಬೆಳುಗುಪ್ಪದ ಹುಡ್ಗಿ ನಂಗೆ ಬೇಡ. ನಾವು ದಿನಾ ಫೋನಲ್ಲಿ ಮಾತಾಡ್ತಿದ್ವಿ. ಕ್ಷಮಿಸ್ಬುಡಿ" ಎಂದ ಯೋಗೇಶ್.

"ಅಕ್ಕಾ, ಭಾವಂಗೆ ಬೈಬೇಡ. ಓಡೋ ಐಡಿಯಾ ಕೊಟ್ಟಿದ್ದೇ ಅವ್ರು" ಎಂದಳು ಹರಿತಾ.

"ನಂಗ್ಯಾಕೆ ಮೊದ್ಲೇ ಹೇಳ್ಲಿಲ್ಲ ಕಣ್ಲಾ?" ಎಂದು ನಾನು ಲಕ್ಷ್ಮೀಕಾಂತನ ಮೇಲೆ ಹರಿಹಾಯ್ದೆ.

"ನಿಂಗೆ ಹೇಳೋದೂ ಒಂದೇ, ಲೌಡ್‌ಸ್ಪೀಕರಲ್ಲಿ ಹೇಳೋದೂ ಒಂದೇ!"

ಬನಶಂಕರಮ್ಮನವರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಆಕೆ ಪರದೆಯಲ್ಲಿದ್ದ ಹರಿತಾಳನ್ನೇ ದಿಟ್ಟಿಸಿ ನೋಡಿದರು. ಆಮೇಲೆ ನಿಟ್ಟುಸಿರು ಬಿಟ್ಟು, "ಒಪ್ಪಿದ್ಮ್ಯಾಲೆ ಒಪ್ಪಿದಂಗೆ. ಬಿಸ್ಲಾಗೆ ನಿಂತ್ಕಬ್ಯಾಡಿ, ಮನೆಗೆ ಬನ್ನಿ" ಎಂದು ಆರತಿ ತಟ್ಟೆ ತರಲು ಒಳಗೆ ನಡೆದರು.

ನನಗೆ ಆಗ ಹೋದ ಜೀವ ಬಂತು. ಅಷ್ಟರಲ್ಲಿ ವೆಂಕಟೇಶಪ್ಪನವರು ಮೆಲ್ಲಗೆ ನನ್ನ ಪಕ್ಕಕ್ಕೆ ಸರಿದು, ನನ್ನ ಕೈ ಹಿಡಿದುಕೊಂಡರು. ಅವರ ಕಣ್ಣಲ್ಲಿ ನನ್ನ ಬಗ್ಗೆ ಭಯಭಕ್ತಿ ತುಂಬಿತ್ತು. ಬಾಗಿಲಲ್ಲಿ ನಿಂತಿದ್ದ ಚಿಕ್ಕ ಮಗಳ ಕಡೆ ಒಮ್ಮೆ ನೋಡಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು.

"ನೀನು ಹೇಳಿದ್ದು ಹಂಗಂಗೇ ನಡೀತು ಕಣಪ್ಪ. ನಮ್ ಚಿಕ್ಕೋಳ ಬಗ್ಗೆ ಏನಾದ್ರೂ ಸುದ್ದಿ ಇದ್ರೆ ಈಗ್ಲೇ ಹೇಳ್ಬುಡು. ಇವ್ಳು ಯಾವಾಗ ಓಡ್ತಾಳೆ?"

ನನ್ನ ಎದೆ ಉಬ್ಬಿತು. ಇಷ್ಟು ವರ್ಷಕ್ಕೆ ನನ್ನ ಟಿಪ್ಪು ಕೇಳಲು ಒಬ್ಬರು ಬಂದರಲ್ಲ! ಗಂಟಲು ಸರಿಮಾಡಿಕೊಂಡು ಬಾಯಿ ತೆರೆದೆ. ಸ್ನೇಹಲತಾ ಬಂದವಳೇ ಗದ್ದದಲ್ಲಿದ್ದ ನನ್ನ ಮಾಸ್ಕನ್ನು ಮೂಗಿನವರೆಗೂ ಎಳೆದಳು.

"ಇವ್ರನ್ನ ಕೇಳ್ತೀರಲ್ಲ ಅಣ್ಣಾ! ಇವ್ರು ಓಡ್ತದೆ ಅಂದಿದ್ದು ಇನ್ನೂ ಗೇಟಲ್ಲೇ ನಿಂತದೆ!"